ಮಾಸ್ತರಿಗೆ ಯಾರ ನೆನಪು?

(ರಾಯಾಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ರಿಟೈರಾದ ಮಾಸ್ತರರೊಬ್ಬರನ್ನ ಕೇಳಿ ನೋಡ್ರಿ, 'ಸರ್, ನಿಮಗ ಯಾವ ಹುಡುಗರು ನೆನಪದಾರ?' ಫಸ್ಟ್ ಬಂದವನ ಹೆಸರು ಹೇಳ್ತಾರೆ. ಬಹಳ ಕಾಡಿದವನ ಹೆಸರು ಹೇಳ್ತಾರೆ. ಊರ ಗೌಡರ ಮಗನ ಹೆಸರು ಹೇಳ್ತಾರೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಎದ್ದು ಹೋದ ನಮ್ಮ ಹುಡುಗನ ಹೆಸರು ಬರೋದಿಲ್ಲ. 'ಸ್ಕಾಲರ್‌ಶಿಪ್‌ನವರು ಎದ್ದು ನಿಲ್ರಿ' ಅಂದಾಗ ಹತ್ತು ಮಂದಿ ನಿಲ್ಲುತ್ತಾರೆ, ಮಾಸ್ತರ ಕಣ್ಣಿಗೆ ಅದೊಂದು ಗುಂಪು. ಹೆಸರು ಹಿಡಿದು ಕರೆಯದ, ಒಂದು ಪ್ರಶ್ನೆ ಕೇಳದ ಹುಡುಗ ನೆನಪಿನಾಗ ಉಳಿಯೋದು ಹ್ಯಾಂಗ?

ಇಲ್ಲಿಂದ ಬಸ್ಸು ಹತ್ತಿದರೆ ಅರ್ಧ ತಾಸಿಗೆ ಧಾರವಾಡ. ಅಲ್ಲಿನ ಒಬ್ಬ ಮಹಾರ ಹುಡುಗನ ಪರವಾಗಿ 1856ರ ಜೂನ್‌ನಲ್ಲಿ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ಫೀ ಕಟ್ಟಲು ತಯಾರಿದ್ದರೂ ಧಾರವಾಡದ ಸರ್ಕಾರಿ ಶಾಲೆ ಸೇರಿಸಿಕೊಳ್ಳಲಿಲ್ಲ ಎಂಬುದು ದೂರು. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆ ಕೆಣಕಿದರೆ ಶಿಕ್ಷಣಕ್ಕೇ ಧಕ್ಕೆ ಎಂದು ಕೈ ತೊಳೆದುಕೊಂಡಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದವು ಎಂದು ಬರೆದರು. 1928ರಲ್ಲಿ ಬಾಬಾಸಾಹೇಬರು ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಮಾತನ್ನೇ ಎತ್ತಿದರು. ಬಾಗಿಲಲ್ಲೇ ತಡೆದ ಹುಡುಗನನ್ನ ಯಾವ ಮಾಸ್ತರ ನೆನಪಿಟ್ಟಾನು?

ಈಗ ಇನ್ನೊಬ್ಬ ಮಾಸ್ತರರನ್ನ ನೋಡ್ರಿ. ಮುಂಬಯಿಯ ಕೃಷ್ಣಾಜಿ ಅರ್ಜುನ ಕೇಳುಸ್ಕರ್. ಭೀಮರಾವ್ ಅವರ ಶಾಲೆಯ ಹುಡುಗನಲ್ಲ. ಪಾರ್ಕಿನಲ್ಲಿ ಕೂತು ಓದುವ ಹುಡುಗನನ್ನ ಕಂಡರು, ಮಾತಾಡಿಸಿದರು. ಪಾಸಾದ ಸಂತೋಷದ ಸಭೆಯಲ್ಲಿ ತಾವೇ ಬರೆದ ಬುದ್ಧನ ಚರಿತ್ರೆ ಕೊಟ್ಟರು. ಮುಂದೆ ಬಡೋದೆಯ ಮಹಾರಾಜರಿಗೆ ಹೇಳಿ ಓದಿಗೆ ನೆರವು ಕೊಡಿಸಿದರು. ಆ ಪುಸ್ತಕದಿಂದಲೇ ತಾವು ಬುದ್ಧನ ಕಡೆ ತಿರುಗಿದ್ದು ಎಂದು ಬಾಬಾಸಾಹೇಬರು ಬರೆದಿದ್ದಾರೆ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಅವರ ಹಿಂದೆ ನಡೆದರು. ಒಬ್ಬ ಮಾಸ್ತರ ಒಬ್ಬ ಹುಡುಗನನ್ನ ನೆನಪಿಟ್ಟರೆ ಏನೇನಾಗತದ ನೋಡ್ರಿ! ನೆನಪು ಅಂದರೆ ಒಂದು ಪುಸ್ತಕ, ಒಂದು ಶಿಫಾರಸು, ಮುಂದಿನ ದಾರಿ. ಅದು ಸಿಗದವರಿಗೆ ಆಗುವ ನಷ್ಟ ಯಾವ ಮಾರ್ಕ್ಸ್ ಕಾರ್ಡಿನಲ್ಲೂ ಕಾಣೋದಿಲ್ಲ.

ಅದಕ್ಕೇ ಹೇಳ್ತೀನಿ, ನೆನಪಿನಾಗ ಉಳೀಬೇಕಂತ ಮಾಸ್ತರ ಹಿಂದೆ ಚೀಲ ಹಿಡಕೊಂಡು ತಿರುಗಬ್ಯಾಡ್ರಿ. ಕೈ ಎತ್ತಿ ಪ್ರಶ್ನೆ ಕೇಳ್ರಿ. ಜಾತಿ ಹಿಡಿದು ಕರೆದರೆ ಎದ್ದು ನಿಂತು ನಿಮ್ಮ ಹೆಸರು ಹೇಳ್ರಿ. ಹಾಸ್ಟೆಲಿಗೆ ಹೊಸದಾಗಿ ಬಂದ ಸಣ್ಣ ಹುಡುಗರ ಹೆಸರು, ಊರು ಕೇಳಿ ತಿಳಕೊಳ್ರಿ. ನಿಮ್ಮೊಳಗ ಕೆಲವರು ನಾಳೆ ಮಾಸ್ತರರು ಆಗೋರಿದ್ದೀರಿ. ಅವತ್ತು ಮೊದಲ ಪ್ರಶ್ನೆಯನ್ನ ಹಿಂದಿನ ಸಾಲಿಗೆ ಕೇಳ್ರಿ.