ಹಬ್ಬವೂ ಕಾಯಿದೆಯೂ

ಚೀನೀಯರ ಹಬ್ಬಗಳನ್ನೂ ಪಾಶ್ಚಾತ್ಯರ ಹಬ್ಬಗಳನ್ನೂ ಹೋಲಿಸುವವರು ಸಾಮಾನ್ಯವಾಗಿ ಅವುಗಳ ಹೊರಗಣ ವೇಷವನ್ನೇ ಬಣ್ಣಿಸಿ ತೃಪ್ತರಾಗುತ್ತಾರೆ: ಒಂದೆಡೆ ಕೆಂಪು ಲಾಂದ್ರ, ಪಟಾಕಿ; ಇನ್ನೊಂದೆಡೆ ದೀಪ ತೊಟ್ಟ ಮರ, ಗಂಟೆಯ ನಾದ. ನಾವು ಇಂದು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಆಳುವವರು ಬೇಡವೆಂದಾಗ ಈ ಹಬ್ಬಗಳು ಏನಾದವು? ಹಬ್ಬದ ಪ್ರಾಣವೆಲ್ಲಿದೆಯೆಂಬುದು ಅಂಥ ಸಂಕಟದಲ್ಲಿಯೇ ವಿಶದವಾಗುತ್ತದೆ.

ಪಾಶ್ಚಾತ್ಯರ ದೊಡ್ಡ ಹಬ್ಬಗಳು ಕ್ರಿಸ್ತನ ಚರಿತ್ರೆಯನ್ನು ಅನುಸರಿಸುತ್ತವೆ. ಜನನಕ್ಕೆ ಕ್ರಿಸ್ಮಸ್, ಪುನರುತ್ಥಾನಕ್ಕೆ ಈಸ್ಟರ್. ಎರಡಕ್ಕೂ ಕೇಂದ್ರ ಚರ್ಚು. ಚೀನೀಯರಲ್ಲಿಯೂ ದೇವಾಲಯಗಳುಂಟು, ದೇವತೆಗಳುಂಟು; ಆದರೆ ಅವರ ಹಬ್ಬದ ಕೇಂದ್ರ ಮನೆ, ಅಲ್ಲಿ ಪೂಜ್ಯರು ಕುಲದ ಹಿರಿಯರು. ವರ್ಷದ ಕಡೆಯ ರಾತ್ರಿ ದೂರವಿರುವ ಮಕ್ಕಳೂ ಬಂದು ಒಟ್ಟಿಗೆ ಉಣ್ಣಬೇಕು. ಏಪ್ರಿಲ್ ಆರಂಭದ ಚಿಂಗ್‌ಮಿಂಗ್ ದಿನದಲ್ಲಿ ಹಿರಿಯರ ಸಮಾಧಿಗಳನ್ನು ಗುಡಿಸಿ ಎಡೆಯಿಡುತ್ತಾರೆ. ಕ್ಯಾಥೊಲಿಕರೂ ನವೆಂಬರ್ 2ರಂದು ಮೃತರನ್ನು ನೆನೆಯುವರು. ಆದರೆ ಅವರು ಮೃತರಿಗಾಗಿ ದೇವರನ್ನು ಪ್ರಾರ್ಥಿಸುತ್ತಾರೆ. ಚೀನೀಯನು ನೇರವಾಗಿ ತನ್ನ ತಾತನಿಗೇ ಎಡೆ ಸಲ್ಲಿಸುತ್ತಾನೆ. ಮಹಾಲಯವನ್ನು ಬಲ್ಲ ನಮ್ಮ ಶ್ರೋತೃಗಳಿಗೆ ಈ ಭಾವ ಹೊಸದಲ್ಲ.

ಇನ್ನು ನಿಷೇಧದ ಕಥೆ. 1647ರಲ್ಲಿ ಪ್ಯೂರಿಟನ್ನರು ಪ್ರಬಲರಾಗಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್, ಈಸ್ಟರ್‌ಗಳನ್ನು ರದ್ದುಗೊಳಿಸಿತು. ಇವುಗಳಿಗೆ ಬೈಬಲ್ಲಿನಲ್ಲಿ ಆಧಾರವಿಲ್ಲ, ಇವು ಕುಡಿತಕ್ಕೂ ಜೂಜಿಗೂ ನೆಪ, ಎಂಬುದು ಅವರ ವಾದ. ಅದೇ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯ ಜನ ದೊಂಬಿಯೆದ್ದರು. 1660ರಲ್ಲಿ ಅರಸೊತ್ತಿಗೆಯೊಡನೆ ಹಬ್ಬವೂ ಮರಳಿತು. ಅಮೆರಿಕೆಯ ಮ್ಯಾಸಚೂಸೆಟ್ಸ್ ವಸಾಹತು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ 5 ಷಿಲಿಂಗು ದಂಡ ವಿಧಿಸಿ, 1681ರಲ್ಲಿ ಆ ಕಾಯಿದೆಯನ್ನು ಹಿಂತೆಗೆದುಕೊಂಡಿತು.

ಚೀನಾದಲ್ಲಿ 1912ರಲ್ಲಿ ಹೊಸ ಗಣರಾಜ್ಯವು ಪಾಶ್ಚಾತ್ಯ ಪಂಚಾಂಗವನ್ನು ಸ್ವೀಕರಿಸಿತು. ಹಳೆಯ ಪಂಚಾಂಗವು ನಮ್ಮದರಂತೆಯೇ ಚಂದ್ರನ ತಿಂಗಳುಗಳನ್ನೆಣಿಸಿ, ಅಧಿಕ ಮಾಸದಿಂದ ಸೂರ್ಯನೊಡನೆ ಹೊಂದಿಕೊಳ್ಳುವಂಥದು. 1930ರ ಸುಮಾರಿನಲ್ಲಿ ನಾನ್ಕಿಂಗ್ ಸರ್ಕಾರವು ಹಳೆಯ ಹೊಸವರ್ಷವನ್ನೇ ತೊಡೆದುಹಾಕಲೆಳಸಿತು. ಆದರೆ ಆ ದಿನಕ್ಕೆ ಊಟವೊಂದೇ ಅಲ್ಲ, ಸಾಲದ ಲೆಕ್ಕ ತೀರಿಸುವ ವಾಡಿಕೆಯೂ ಅಂಟಿಕೊಂಡಿದ್ದಿತು. ಆಜ್ಞೆ ಕಾಗದದಲ್ಲಿಯೇ ಉಳಿಯಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ, 1967ರಲ್ಲಿ, ಹಬ್ಬದ ರಜೆ ರದ್ದಾಯಿತು, 1980ರಲ್ಲಿ ಮರಳಿತು. 2008ರಿಂದ ಚಿಂಗ್‌ಮಿಂಗ್ ದಿನಕ್ಕೂ ಸರ್ಕಾರಿ ರಜೆಯುಂಟು.

ಹಾಗಾದರೆ ಹಬ್ಬಕ್ಕೆ ಸಾವೇ ಇಲ್ಲವೆ? ಅವಸರದ ತೀರ್ಮಾನ ಬೇಡ. ಸ್ಕಾಟ್ಲೆಂಡಿನ ಉದಾಹರಣೆ ಎದುರಿಗಿದೆ. ಅಲ್ಲಿ ಕ್ರಿಸ್ಮಸ್ ಸಲ್ಲದೆಂದು ಚರ್ಚು ಬೋಧಿಸಿತು, ಬಹುಜನರೂ ಅದನ್ನು ಮನಸಾರೆ ನಂಬಿದರು. ಹಬ್ಬ ನಿಜವಾಗಿಯೂ ಕುಗ್ಗಿತು. ಡಿಸೆಂಬರ್ 25 ಅಲ್ಲಿ ಸಾರ್ವತ್ರಿಕ ರಜೆಯಾದದ್ದು 1958ರಲ್ಲಿ. ಆದರೂ ಸಂತೋಷ ಸಾಯಲಿಲ್ಲ. ವರ್ಷಾಂತ್ಯದ ರಾತ್ರಿಗೆ ಸರಿದು, ಅಲ್ಲಿಯೇ ನೆಲೆಗೊಂಡಿತು.

ಇದರಿಂದ ನಮಗೆ ತೋರುವುದಿಷ್ಟು. ಚೀನೀಯರ ಹಬ್ಬ ಮನೆಯಲ್ಲಿ ಹುಟ್ಟಿದ್ದು, ಪಾಶ್ಚಾತ್ಯರ ಹಬ್ಬ ಚರ್ಚಿನಲ್ಲಿ ಹುಟ್ಟಿ ಮನೆಯನ್ನು ಹೊಕ್ಕದ್ದು. ಆಪತ್ಕಾಲದಲ್ಲಿ ಎರಡನ್ನೂ ಕಾದದ್ದು ಒಲೆಯ ಸುತ್ತಲಿನ ಜನವೇ. ಕಾಯಿದೆ ರಜೆಯನ್ನು ಕಿತ್ತುಕೊಳ್ಳಬಲ್ಲದು, ದಂಡ ವಿಧಿಸಬಲ್ಲದು. ಹಬ್ಬವನ್ನು ಬಿಡುವುದೂ ಉಳಿಸಿಕೊಳ್ಳುವುದೂ ಮನೆಯವರ ಕೈಯಲ್ಲಿದೆ.