ಕೈಯಿಂದ ಕೈಗೆ: ಒಬ್ಬರೇ ವಿಮಾನ ಹತ್ತುವವರ ಬಗ್ಗೆ



ಲಂಡನ್ನಿನ ಕನ್ನಡ ಕುಟುಂಬಗಳ ಈ ಸಮಾವೇಶಕ್ಕೆ ನನ್ನನ್ನು ಅಧ್ಯಕ್ಷಳನ್ನಾಗಿ ಕರೆದಿದ್ದೀರಿ. ಆ ಪ್ರೀತಿಗೆ ಋಣಿ. ನಾಡು ನುಡಿಯ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಮಧ್ಯಾಹ್ನದ ಗೋಷ್ಠಿಗಳಲ್ಲಿ ಮಾತಾಡಲಿದ್ದಾರೆ. ನನ್ನ ಪಾಲಿನ ಸಮಯವನ್ನು ಒಂದೇ ವಿಷಯಕ್ಕೆ ಕೊಡುತ್ತೇನೆ. ಮರೆವಿನ ಕಾಯಿಲೆಯ ತಾಯಿ, ಆಟಿಸಂ ಇರುವ ಮಗ, ಡೌನ್ ಸಿಂಡ್ರೋಮ್ ಇರುವ ತಂಗಿ, ಇವರು ಬೆಂಗಳೂರಿನಿಂದ ಹೀಥ್ರೂಗೋ ಹೀಥ್ರೂನಿಂದ ಬೆಂಗಳೂರಿಗೋ ಒಬ್ಬರೇ ಪ್ರಯಾಣ ಮಾಡಿದಾಗ ಅವರ ಜೊತೆ ಯಾರಿರುತ್ತಾರೆ? ಎಷ್ಟು ದೂರ ಇರುತ್ತಾರೆ?

ಇದು ಎಲ್ಲೋ ಒಂದೆರಡು ಮನೆಯ ಸಂಗತಿಯಲ್ಲ. ಬ್ರಿಟಿಷ್ ಏರ್‌ವೇಸ್ 2005ರಲ್ಲಿ ಬೆಂಗಳೂರಿಗೆ ನೇರ ವಿಮಾನ ಶುರುಮಾಡಿತು. 2024ರಲ್ಲಿ ವರ್ಜಿನ್ ಅಟ್ಲಾಂಟಿಕ್ ಬಂತು. ಗ್ಯಾಟ್‌ವಿಕ್‌ಗೆ ಇಳಿಯುತ್ತಿದ್ದ ಏರ್ ಇಂಡಿಯಾ ಅದೇ ವರ್ಷ ಹೀಥ್ರೂಗೆ ಬಂತು. ನೇರ ವಿಮಾನ ಹೆಚ್ಚಿದಷ್ಟೂ ಅಪ್ಪ ಅಮ್ಮಂದಿರು ಒಬ್ಬೊಬ್ಬರೇ ಬಂದು ಹೋಗುವುದು ಹೆಚ್ಚಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಆರು ತಿಂಗಳು ಇಲ್ಲಿ, ಆರು ತಿಂಗಳು ಅಣ್ಣನ ಮನೆಯಲ್ಲಿ ಇಟ್ಟುಕೊಳ್ಳುವ ಕುಟುಂಬಗಳು ಹ್ಯಾರೋದಲ್ಲಿವೆ, ಹೌನ್ಸ್ಲೋದಲ್ಲಿವೆ, ಕ್ರಾಯ್ಡನ್ನಿನಲ್ಲಿವೆ. ಇನ್ನೊಂದು ಕಡೆ, ಎಪ್ಪತ್ತರ ದಶಕದಲ್ಲಿ ಇಲ್ಲಿನ ಆಸ್ಪತ್ರೆಗಳಿಗೆ ಬಂದ ನಮ್ಮ ವೈದ್ಯರ ತಲೆಮಾರಿಗೇ ಈಗ ವಯಸ್ಸಾಗಿದೆ. ಒಂದು ಕಾಲದಲ್ಲಿ ಬೇರೆಯವರ ಮರೆವಿಗೆ ಔಷಧ ಬರೆದವರು ಇಂದು ತಮ್ಮ ಬೋರ್ಡಿಂಗ್ ಪಾಸ್ ಎಲ್ಲಿಟ್ಟೆವೆಂದು ಹುಡುಕುತ್ತಿದ್ದಾರೆ.

ನಮ್ಮಲ್ಲಿ ಟಿಕೆಟ್ ಕೊಂಡ ತಕ್ಷಣ ಕೇಳುವ ಪ್ರಶ್ನೆ ಒಂದೇ: "ಅಮ್ಮನಿಗೆ ವೀಲ್‌ಚೇರ್ ಹಾಕಿಸಿದಿರಾ?" ಈ ರೂಢಿಯನ್ನು ನಾನು ಹಳಿಯುವುದಿಲ್ಲ. ದಿನಾ ಬೆಳಿಗ್ಗೆ ಲಾಲ್‌ಬಾಗ್ ಸುತ್ತುವ ತಾಯಿಗೆ ನಡೆಯುವುದು ಕಷ್ಟವಲ್ಲ. ಕಷ್ಟವಾಗುವುದು ಇಂಗ್ಲಿಷ್, ಉದ್ದುದ್ದ ಹಾದಿ, ಬದಲಾಗುತ್ತಲೇ ಇರುವ ಗೇಟು. ಕುರ್ಚಿಯ ಹಿಂದೆ ಒಬ್ಬ ಮನುಷ್ಯ ಬರುತ್ತಾನೆ, ಅವನು ದಾರಿ ತೋರಿಸುತ್ತಾನೆ ಎಂಬ ಧೈರ್ಯಕ್ಕಾಗಿ ನಾವು ಕುರ್ಚಿ ಕೇಳುತ್ತೇವೆ. ನೆನಪು ಗಟ್ಟಿಯಿರುವ ತಾಯಿಗೆ ಅದರಿಂದ ಕೆಲಸ ನಡೆಯುತ್ತದೆ. ಮರೆವಿರುವ ತಾಯಿಯನ್ನು ಮಾತ್ರ ಅದೇ ಕುರ್ಚಿ ಅಪಾಯಕ್ಕೆ ದೂಡಬಹುದು.

ಹೇಗೆಂದು ಹೇಳುತ್ತೇನೆ. ವಿಮಾನ ಸಂಸ್ಥೆಗಳು ಪ್ರತಿಯೊಂದು ನೆರವಿಗೂ ನಾಲ್ಕಕ್ಷರದ ಸಂಕೇತ ಇಟ್ಟುಕೊಂಡಿವೆ. ನಾವು ಸಾಮಾನ್ಯವಾಗಿ ಹಾಕಿಸುವುದು ಡಬ್ಲ್ಯುಸಿಎಚ್‌ಆರ್. ಈ ಪ್ರಯಾಣಿಕರು ಮೆಟ್ಟಿಲು ಹತ್ತಬಲ್ಲರು, ಕ್ಯಾಬಿನ್ನಿನಲ್ಲಿ ನಡೆಯಬಲ್ಲರು, ದೂರ ನಡೆಯಲು ಮಾತ್ರ ಕುರ್ಚಿ ಬೇಕು ಎಂದು ಅದರ ಅರ್ಥ. ಸಿಬ್ಬಂದಿಗೆ ತಲುಪುವ ಮಾಹಿತಿ ಅಷ್ಟೇ. ಅವರು ನಿಮ್ಮ ತಾಯಿಯನ್ನು ಕಾಯುವ ಜಾಗಕ್ಕೆ ಕರೆತಂದು, "ಇಲ್ಲೇ ಕೂತಿರಿ, ಇನ್ನೊಬ್ಬರು ಬರುತ್ತಾರೆ" ಎಂದು ಹೇಳಿ ಮುಂದಿನ ಪ್ರಯಾಣಿಕರನ್ನು ಕರೆತರಲು ಹೋಗುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಆದರೆ ಹತ್ತು ನಿಮಿಷ ಕಳೆದರೆ ಆ ಮಾತು ತಾಯಿಗೆ ನೆನಪಿರುವುದಿಲ್ಲ. ತಾನು ಇಲ್ಲಿ ಏಕೆ ಕೂತಿದ್ದೇನೆಂದು ತಿಳಿಯದೆ ಎದ್ದು ನಡೆಯುತ್ತಾರೆ. ಕಾಲು ಗಟ್ಟಿಯಿದೆಯಲ್ಲ! ಹೀಥ್ರೂ ಐದನೇ ಟರ್ಮಿನಲ್ಲಿನಲ್ಲಿ ಬಿ, ಸಿ ಗೇಟುಗಳಿಗೆ ಹೋಗಲು ನೆಲದಡಿಯ ಪುಟ್ಟ ರೈಲು ಹತ್ತಬೇಕು. ಎರಡನೇ ಟರ್ಮಿನಲ್ಲಿನ ಬಿ ವಿಭಾಗಕ್ಕೆ ನೆಲದಡಿಯಲ್ಲೇ ಬಲು ಉದ್ದದ ದಾರಿ. ಗೇಟು ಯಾವುದೆಂದು ಹೊರಡುವ ಹೊತ್ತು ಹತ್ತಿರವಾದ ಮೇಲಷ್ಟೇ ಪರದೆಯಲ್ಲಿ ಕಾಣುತ್ತದೆ. ಪರದೆ ನೋಡಬೇಕೆಂಬುದನ್ನೇ ಮರೆತವರು ಅಲ್ಲಿ ಏನು ಮಾಡಬೇಕು? 2024ರಲ್ಲಿ ಹೀಥ್ರೂ ದಾಟಿ ಹೋದವರು ಸುಮಾರು 8.39 ಕೋಟಿ ಪ್ರಯಾಣಿಕರು. ಆ ಜನಜಾತ್ರೆಯಲ್ಲಿ ಸೀರೆ ಉಟ್ಟ ಒಬ್ಬ ಹಿರಿಯರು ದಾರಿ ತಪ್ಪಿ ನಡೆಯುತ್ತಿದ್ದಾರೆ ಎಂದು ಯಾರಿಗೂ ಹೊಳೆಯುವುದಿಲ್ಲ. ಅವರು ಆತುರದಲ್ಲಿರುವ ಇನ್ನೊಬ್ಬ ಪ್ರಯಾಣಿಕರಂತೆಯೇ ಕಾಣುತ್ತಾರೆ.

ಇಂಥವರಿಗಾಗಿಯೇ ಬೇರೆ ಸಂಕೇತವಿದೆ: ಡಿಪಿಎನ್‌ಎ. ಬೌದ್ಧಿಕ ಅಥವಾ ಬೆಳವಣಿಗೆಗೆ ಸಂಬಂಧಿಸಿದ ಅಂಗವೈಕಲ್ಯವಿದ್ದು ನೆರವು ಬೇಕಾದವರು ಎಂದು ಅದು ಸಾರುತ್ತದೆ. ಮೊಣಕಾಲು ನೋವೂ ಇದ್ದರೆ ಎರಡೂ ಸಂಕೇತಗಳನ್ನು ಹಾಕಿಸಬಹುದು. ದಯವಿಟ್ಟು ಈ ನಾಲ್ಕಕ್ಷರ ಬರೆದುಕೊಳ್ಳಿ. ವೆಬ್‌ಸೈಟಿನ ಪಟ್ಟಿಯಲ್ಲಿ ಕಾಣದಿದ್ದರೆ ಫೋನ್ ಮಾಡಿ ಕೇಳಿ, ಟಿಕೆಟ್ಟಿನಲ್ಲಿ ದಾಖಲಾಗಿದೆಯೇ ಎಂದು ಮತ್ತೊಮ್ಮೆ ಕೇಳಿ. ಫೋನಿನಲ್ಲಿ ಕಾಯಿಸುತ್ತಾರೆ, ಕಾಯಿರಿ.

ಈ ನೆರವನ್ನು ಯಾರ ಕೃಪೆಯೆಂದೂ ಬೇಡಬೇಕಾಗಿಲ್ಲ. ಯುರೋಪಿನ 1107/2006ನೇ ನಿಯಮ 2008ರ ಜುಲೈನಿಂದ ಪೂರ್ತಿ ಜಾರಿಯಾಯಿತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೂ ಅದನ್ನು ತನ್ನ ಕಾನೂನಿನಲ್ಲಿ ಉಳಿಸಿಕೊಂಡಿತು. ಅದರ ವ್ಯಾಖ್ಯೆಯಲ್ಲಿ ಕೈಕಾಲಿನ ಊನದ ಜೊತೆಗೇ ಬೌದ್ಧಿಕ ಅಂಗವೈಕಲ್ಯವೂ ಸೇರಿದೆ. ನೆರವು ನೀಡುವ ಹೊಣೆ ವಿಮಾನ ನಿಲ್ದಾಣದ್ದು, ಪ್ರಯಾಣಿಕರಿಂದ ಒಂದು ಪೆನ್ನಿಯನ್ನೂ ಕೇಳುವಂತಿಲ್ಲ. ನಿಲ್ದಾಣದ ಗೊತ್ತಾದ ಜಾಗದಲ್ಲಿ ಬರಮಾಡಿಕೊಂಡು, ಚೆಕ್‌ಇನ್, ಭದ್ರತಾ ತಪಾಸಣೆ ದಾಟಿಸಿ ಸೀಟಿನವರೆಗೆ ಬಿಡುವುದು, ಇಳಿದವರನ್ನು ಪಾಸ್‌ಪೋರ್ಟ್ ತಪಾಸಣೆ, ಲಗೇಜು ದಾಟಿಸಿ ಹೊರಗೆ ಮುಟ್ಟಿಸುವುದು ಅದರ ಕೆಲಸ. ನಾವು ಮಾಡಬೇಕಾದದ್ದು ಕನಿಷ್ಠ 48 ಗಂಟೆ ಮೊದಲು ತಿಳಿಸುವುದು. ಅಂಗವೈಕಲ್ಯದ ಕಾರಣಕ್ಕೆ ವಿಮಾನ ಸಂಸ್ಥೆ ಯಾರನ್ನೂ ನಿರಾಕರಿಸುವಂತಿಲ್ಲ. ಸುರಕ್ಷತೆಯ ಕಾರಣವಿದ್ದರೆ ಅದನ್ನು ತಿಳಿಸಬೇಕು, ಬರವಣಿಗೆಯಲ್ಲಿ ಕೇಳಿದರೆ ಐದು ಕೆಲಸದ ದಿನಗಳಲ್ಲಿ ಬರೆದು ಕೊಡಬೇಕು.

ಭಾರತದ ಕಡೆಯೂ ಬಾಗಿಲು ಮುಚ್ಚಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಜೀಜಾ ಘೋಷ್ ಅವರನ್ನು 2012ರಲ್ಲಿ ವಿಮಾನದಿಂದ ಇಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರಲ್ಲಿ ರಾಂಚಿಯಲ್ಲಿ ಅಂಗವಿಕಲ ಬಾಲಕನೊಬ್ಬನನ್ನು ಹತ್ತಿಸಿಕೊಳ್ಳದ ಸಂಸ್ಥೆಗೆ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ದಂಡ ಹಾಕಿತು. ಆಮೇಲೆ ನಿಯಮವನ್ನೂ ಬಿಗಿ ಮಾಡಿತು. ಪ್ರಯಾಣದಲ್ಲಿ ಆರೋಗ್ಯ ಕೆಡಬಹುದೆಂದು ಸಂಸ್ಥೆಗೆ ಅನ್ನಿಸಿದರೆ ಆ ತೀರ್ಮಾನಕ್ಕೆ ವೈದ್ಯರ ಪರೀಕ್ಷೆ ಬೇಕು, ಕೌಂಟರಿನವರ ಊಹೆ ಸಾಲದು.

ಈಗ ಕಹಿಯಾದ ಭಾಗ. ನೆರವಿನ ಸಿಬ್ಬಂದಿ ಸೀಟಿನವರೆಗೆ ಬರುತ್ತಾರೆ, ಅಲ್ಲಿಂದಾಚೆ ಹತ್ತು ಗಂಟೆಗೂ ಹೆಚ್ಚು ಹೊತ್ತು ವಿಮಾನದೊಳಗೆ ಯಾರೂ ಪಕ್ಕದಲ್ಲಿ ಕೂರುವುದಿಲ್ಲ. ಗಗನಸಖಿಯರು ಊಟ ತಿನ್ನಿಸುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಶೌಚಾಲಯದ ಒಳಗೆ ನೆರವಾಗುವುದಿಲ್ಲ. ಸುರಕ್ಷತೆಯ ಸೂಚನೆ ಅರ್ಥವಾಗದವರು, ಸೀಟ್‌ಬೆಲ್ಟ್ ತಾವೇ ಬಿಚ್ಚಲಾರದವರು ಜೊತೆಗೊಬ್ಬರನ್ನು ಕರೆತರಬೇಕೆಂದು ಸಂಸ್ಥೆ ಕೇಳಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಆದ್ದರಿಂದ ಮನೆಯವರೇ ಮನಸ್ಸು ಗಟ್ಟಿ ಮಾಡಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ರಾತ್ರಿ ಎಚ್ಚರವಾದಾಗ ತಾನು ಎಲ್ಲಿದ್ದೇನೆಂದು ಅಮ್ಮನಿಗೆ ತಿಳಿಯುತ್ತದೆಯೇ? ಇಲ್ಲವೆಂದಾದರೆ ಒಬ್ಬರೇ ಕಳಿಸಬೇಡಿ. ಸಂಜೆಯಾಗುತ್ತಲೇ ಗಲಿಬಿಲಿ ಹೆಚ್ಚುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಒಬ್ಬರೇ ಬರಬಲ್ಲರು ಎನ್ನುವ ಹಂತದಲ್ಲೂ ಹಗಲಿನ ನೇರ ವಿಮಾನವನ್ನೇ ಆರಿಸಿ. ದುಬೈನಲ್ಲೋ ದೋಹಾದಲ್ಲೋ ಇಳಿಸಿ ಹತ್ತಿಸುವ ಟಿಕೆಟ್ಟಿನಲ್ಲಿ ಉಳಿಯುವ ಹಣ ನನಗೂ ಗೊತ್ತು. ಆದರೆ ಆ ಒಂದು ನಿಲುಗಡೆಯಲ್ಲಿ ನಿಮ್ಮ ತಾಯಿ ಇನ್ನೆರಡು ಅಪರಿಚಿತ ಕೈಗಳನ್ನು ದಾಟಬೇಕಾಗುತ್ತದೆ.

ದಾರಿ ತಪ್ಪುವುದು ಈ ಕೈ ಬದಲಾಗುವ ಕ್ಷಣಗಳಲ್ಲೇ. ಬೆಂಗಳೂರಿನಲ್ಲಿ ಟಿಕೆಟ್ ಇಲ್ಲದವರನ್ನು ಭದ್ರತಾ ಪಡೆ ಸಿಐಎಸ್‌ಎಫ್‌ನವರು ಟರ್ಮಿನಲ್ ಬಾಗಿಲಲ್ಲೇ ತಡೆಯುತ್ತಾರೆ. ಮಗಳು ಅಲ್ಲಿಗೇ ಕೈ ಬಿಡಬೇಕು. ಬಾಗಿಲಿನಿಂದ ಕೌಂಟರಿಗೆ ಒಬ್ಬರು, ಕೌಂಟರಿನಿಂದ ಗೇಟಿಗೆ ಇನ್ನೊಬ್ಬರು, ವಿಮಾನದೊಳಗೆ ಬೇರೆಯವರು, ಹೀಥ್ರೂದಲ್ಲಿ ಮತ್ತೆ ಹೊಸಬರು. ಒಬ್ಬರಿಂದ ಇನ್ನೊಬ್ಬರಿಗೆ ಮಾತು ದಾಟಿದರೆ ಎಲ್ಲ ಸರಾಗ. "ಇವರಿಗೆ ನೆನಪು ನಿಲ್ಲುವುದಿಲ್ಲ, ಒಂಟಿಯಾಗಿ ಬಿಡಬೇಡಿ" ಎಂಬ ಆ ಒಂದು ವಾಕ್ಯ ಎಲ್ಲಾದರೂ ಕಡಿದುಹೋದರೆ, ನಮ್ಮ ಫಾರ್ಮು, ಫೋನು, ಪತ್ರ ಎಲ್ಲ ವ್ಯರ್ಥ.

ಅದರಲ್ಲೂ ಕಷ್ಟದ ಜಾಗ ಪಾಸ್‌ಪೋರ್ಟ್ ಕೌಂಟರ್. ನನ್ನ ಅತ್ತೆಯವರು ಮೈಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಮರೆವು ಆವರಿಸಿದಾಗ ಮೊದಲು ಮಸುಕಾದದ್ದು ಆ ಇಂಗ್ಲಿಷೇ. ಕಲಿತ ಭಾಷೆ ಜಾರಿ ಎಳವೆಯ ಭಾಷೆ ಉಳಿಯುವುದು ಈ ಕಾಯಿಲೆಯಲ್ಲಿ ಹಲವರಿಗೆ ಆಗುತ್ತದೆ. ಎಲ್ಲಿ ಉಳಿದುಕೊಳ್ಳುತ್ತೀರಿ ಎಂದು ಅಧಿಕಾರಿ ಕೇಳಿದಾಗ ಅವರು ಕನ್ನಡದಲ್ಲಿ, "ನಮ್ಮ ಮನೇಲಿ, ಇನ್ನೆಲ್ಲಿ?" ಎಂದರಂತೆ. ಎಂಥ ಸರಿಯಾದ ಉತ್ತರ! ಆದರೆ ಅಧಿಕಾರಿಗೆ ಅದು ಅರ್ಥವಾಗಬೇಕಲ್ಲ. ಅತ್ತೆಯ ಕೈಚೀಲದಲ್ಲಿ ನನ್ನ ಗಂಡ ಇಟ್ಟಿದ್ದ ಪತ್ರ ಆ ದಿನ ಕೆಲಸ ಮಾಡಿತು. ನಮ್ಮ ವಿಳಾಸ, ಫೋನ್, ಮರಳುವ ಟಿಕೆಟ್, ವೈದ್ಯರ ಒಂದು ಪ್ಯಾರಾ, ಕೊನೆಗೆ "ಇವರು ಈಗ ಕನ್ನಡ ಮಾತ್ರ ಆಡುತ್ತಾರೆ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ" ಎಂಬ ಸಾಲು. ಜೊತೆಗಿದ್ದ ನೆರವಿನ ಹುಡುಗಿ ಫೋನ್ ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು. ಮಗನ ದನಿ ಕೇಳಿದ ಮೇಲೆ ಅವರು ಮಾತಿಲ್ಲದೆ ಅವಳ ಕೈ ಹಿಡಿದುಕೊಂಡು ಹೊರಗೆ ಬಂದರು.

ಸೂರ್ಯಕಾಂತಿಯ ಹಸಿರು ಕೊರಳಪಟ್ಟಿಯ ಬಗ್ಗೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಹೊರಗೆ ಕಾಣದ ಅಂಗವೈಕಲ್ಯವನ್ನು ಗುರುತಿಸಲು 2016ರಲ್ಲಿ ಗ್ಯಾಟ್‌ವಿಕ್‌ನಲ್ಲಿ ಶುರುವಾದ ಆ ಪಟ್ಟಿ ಈಗ ಹೀಥ್ರೂದಲ್ಲಿದೆ, ನಮ್ಮ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇದೆ. ಹಾಕಿಕೊಂಡರೆ ಸಿಬ್ಬಂದಿ ತುಸು ತಾಳ್ಮೆಯಿಂದ ಮಾತಾಡುತ್ತಾರೆ, ಅವಸರಪಡಿಸುವುದಿಲ್ಲ. ಆದರೆ ಪಟ್ಟಿ ಹಾಕಿದ ಮಾತ್ರಕ್ಕೆ ಜೊತೆಗೆ ಮನುಷ್ಯ ಬರುವುದಿಲ್ಲ. ಅದಕ್ಕೆ 48 ಗಂಟೆ ಮೊದಲು ತಿಳಿಸಿಯೇ ತೀರಬೇಕು.

ಇಷ್ಟು ಹೊತ್ತು ಹಿರಿಯರ ಮಾತಾಯಿತು. ನಮ್ಮ ಯುವಕರ ವಿಷಯ ಬೇರೆ, ಅದರ ಬಗ್ಗೆ ನನ್ನ ಅಭಿಪ್ರಾಯವೂ ಖಚಿತ. ಇಲ್ಲಿ ಹುಟ್ಟಿ ಬೆಳೆದ, ಆಟಿಸಂ ಇರುವ ತರುಣನೊಬ್ಬ ಎಲಿಜಬೆತ್ ಲೈನಿನಲ್ಲಿ ಒಬ್ಬನೇ ಕೆಲಸಕ್ಕೆ ಹೋಗಿಬರುತ್ತಾನೆ. ಅಜ್ಜಿಯ ಮನೆಗೆ ಒಬ್ಬನೇ ಹೋಗುತ್ತೇನೆ ಎಂದರೆ ನಾವೇ ಮೊದಲು ಬೇಡ ಎನ್ನುತ್ತೇವೆ. ಅವನಿಗೆ ಬೇಕಾಗಿರುವುದು ಮುಂಚಿತವಾಗಿ ತಿಳಿದ ಕ್ರಮ: ಯಾವ ಬಾಗಿಲು, ಯಾವ ಸಾಲು, ತಪಾಸಣೆಯಲ್ಲಿ ಏನು ತೆಗೆದಿಡಬೇಕು, ಗಲಾಟೆ ಹೆಚ್ಚಾದರೆ ಎಲ್ಲಿ ಕೂರಬಹುದು. ಮೊದಲೇ ಒಂದು ದಿನ ಕರೆದುಕೊಂಡು ಹೋಗಿ ಚೆಕ್‌ಇನ್ ಸಭಾಂಗಣವನ್ನು ತೋರಿಸಿ. ಹಂತಹಂತವಾಗಿ ಫೋಟೊ ಸಹಿತ ಬರೆದುಕೊಡಿ. ಗೇಟು ಬದಲಾದರೆ, ವಿಮಾನ ತಡವಾದರೆ ಯಾರ ಬಳಿ ಹೋಗಬೇಕೆಂದೂ ಬರೆಯಿರಿ. ಕ್ರಮ ತಪ್ಪುವುದೇ ಅವನಿಗೆ ಅತಿ ದೊಡ್ಡ ಸಂಕಟ. ಸೀಟ್‌ಬೆಲ್ಟ್, ಮಾತ್ರೆ, ಊಟ, ಶೌಚಾಲಯ ಎಲ್ಲವನ್ನೂ ತಾನೇ ನೋಡಿಕೊಳ್ಳಬಲ್ಲವನಿಗೆ ಜೊತೆಗಾರ ಕಡ್ಡಾಯ ಎಂದು ಯಾರಾದರೂ ಹೇಳಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅವನ ಪ್ರಯಾಣದ ಹಕ್ಕನ್ನು ನಮ್ಮ ಅಂಜಿಕೆಯೂ ಕಸಿಯಬಾರದು, ಕೌಂಟರಿನವರ ಅನುಮಾನವೂ ಕಸಿಯಬಾರದು.

ಇನ್ನೊಂದು ಮಾತು ಹೇಳಲೇಬೇಕು, ಬೇಸರಿಸಬೇಡಿ. ನಾವು ಡಿಪಿಎನ್‌ಎ ಹಾಕಿಸದಿರಲು ಅಜ್ಞಾನವೊಂದೇ ಕಾರಣವಲ್ಲ. ನಾಚಿಕೆಯೂ ಇದೆ. ವೀಲ್‌ಚೇರ್ ಎಂದರೆ ಮೊಣಕಾಲು ನೋವು, ಹೇಳಿಕೊಳ್ಳಬಹುದು. ಬುದ್ಧಿಗೆ ಸಂಬಂಧಿಸಿದ್ದೆಂದರೆ ನಾಲ್ಕು ಜನ ಏನೆಂದುಕೊಳ್ಳುತ್ತಾರೋ, ತಂಗಿಯ ಮದುವೆಗೆ ಅಡ್ಡಿಯಾದೀತೋ, ವೀಸಾ ಸಿಗದೆ ಹೋದೀತೋ ಎಂಬ ಅಳುಕು. ಅರಳುಮರಳು ಎಂದು ನಕ್ಕು ಮುಚ್ಚಿಬಿಡುತ್ತೇವೆ. ಹಾಗೆ ಮುಚ್ಚಿಟ್ಟ ಸತ್ಯದ ಬೆಲೆಯನ್ನು ತೆರುವುದು ನಾವಲ್ಲ, ಗುರುತು ಪರಿಚಯವಿಲ್ಲದ ಟರ್ಮಿನಲ್ಲಿನಲ್ಲಿ ಒಂಟಿಯಾಗಿ ನಿಂತ ಆ ಜೀವ. ನಿಮ್ಹಾನ್ಸ್‌ನಲ್ಲೋ ಇಲ್ಲಿನ ಮೆಮೊರಿ ಕ್ಲಿನಿಕ್ಕಿನಲ್ಲೋ ಕೊಟ್ಟ ಪತ್ರವನ್ನು ಬೀರುವಿನಿಂದ ಹೊರತೆಗೆದು ಪ್ರಯಾಣದ ಚೀಲದಲ್ಲಿಡಿ.

ಬಾಯಿಬಿಟ್ಟು ಹೇಳಿದರೆ ವ್ಯವಸ್ಥೆ ಬದಲಾಗುತ್ತದೆ ಎಂಬುದಕ್ಕೆ ಹೀಥ್ರೂವೇ ಸಾಕ್ಷಿ. ಇಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ, ಸಿಎಎ, ನಿಲ್ದಾಣಗಳ ಅಂಗವಿಕಲ ಸೇವೆಗೆ ಪ್ರತಿ ವರ್ಷ ದರ್ಜೆ ಕೊಡುತ್ತದೆ. 2017ರ ವರದಿಯಲ್ಲಿ ಹೀಥ್ರೂಗೆ ಸಿಕ್ಕಿದ್ದು ಕಳಪೆ ಎಂಬ ದರ್ಜೆ. ಮುಂದಿನ ವರ್ಷ ಅದು ಆ ದರ್ಜೆಯಿಂದ ಹೊರಬಂತು. ಈ ಬದಲಾವಣೆಯ ಹಿಂದೆ ಅಂಗವಿಕಲರ ಸಂಘಟನೆಗಳ ಪಟ್ಟುಬಿಡದ ಒತ್ತಾಯವಿತ್ತು, ಪ್ರಯಾಣಿಕರು ಬರೆದು ಕಳಿಸಿದ ಅನುಭವಗಳಿದ್ದವು. ಅವುಗಳಲ್ಲಿ ನಮ್ಮವರ ದೂರುಗಳು ಎಷ್ಟಿದ್ದಾವು? ನಾವು ಮನೆಗೆ ಬಂದು ಕಾಫಿ ಕುಡಿಯುತ್ತಾ ಹೇಳಿಕೊಂಡು ಮರೆಯುವ ಜನ. ಇನ್ನು ಮುಂದೆ ಬರೆಯಬೇಕು: ಮೊದಲು ನಿಲ್ದಾಣಕ್ಕೆ ಅಥವಾ ವಿಮಾನ ಸಂಸ್ಥೆಗೆ, ಅಲ್ಲಿ ನ್ಯಾಯ ಸಿಗದಿದ್ದರೆ ಅವರು ಸೇರಿರುವ ವ್ಯಾಜ್ಯ ಪರಿಹಾರ ಸಂಸ್ಥೆಗೆ, ಅಂಥದ್ದು ಇಲ್ಲದಿದ್ದರೆ ಸಿಎಎಗೆ. ಚೆನ್ನಾಗಿ ನೋಡಿಕೊಂಡವರ ಹೆಸರು ಹಾಕಿ ಮೆಚ್ಚುಗೆಯನ್ನೂ ಬರೆಯಬೇಕು.

ಆದ್ದರಿಂದ ಸಭೆಯ ಮುಂದೆ ಈ ಠರಾವನ್ನು ಇಡುತ್ತೇನೆ. ಡಿಪಿಎನ್‌ಎ ಎಂದು ದಾಖಲಾದ ಪ್ರಯಾಣಿಕರನ್ನು, ಮುಂದಿನ ಸಿಬ್ಬಂದಿ ಹೆಸರು ಹೇಳಿ ವಹಿಸಿಕೊಳ್ಳುವವರೆಗೆ, ಯಾವ ಕಾಯುವ ಜಾಗದಲ್ಲೂ ಒಂಟಿಯಾಗಿ ಬಿಡಕೂಡದೆಂದು ಹೀಥ್ರೂ ಹಾಗೂ ಕೆಂಪೇಗೌಡ ನಿಲ್ದಾಣಗಳೆರಡನ್ನೂ ನಾವು ಲಿಖಿತವಾಗಿ ಒತ್ತಾಯಿಸಬೇಕು. ಲಂಡನ್ನಿನ ನಿಲ್ದಾಣಗಳ ಅಂಗವಿಕಲ ಸಲಹಾ ವೇದಿಕೆಗಳಲ್ಲಿ ದಕ್ಷಿಣ ಭಾರತದ ಕುಟುಂಬಗಳ ಅನುಭವವನ್ನೂ ಕೇಳಿಸಿಕೊಳ್ಳಬೇಕೆಂದು ಕೋರಬೇಕು. ನಮ್ಮ ಕಡೆಯಿಂದ, ಬೆಂಗಳೂರಿನ ವಿಮಾನಗಳು ಬಂದಿಳಿಯುವ ಹೊತ್ತಿನಲ್ಲಿ ಫೋನಿಗೆ ಸಿಗುವ ಕನ್ನಡ ಸ್ವಯಂಸೇವಕರ ಒಂದು ಸರದಿ ಪಟ್ಟಿ ಮಾಡಬೇಕು. ಮಗನ ಫೋನ್ ತಾಗದಿದ್ದಾಗ ಆ ಹಿರಿಯರ ಕಿವಿಗೆ ಕನ್ನಡದ ದನಿಯೊಂದು ಬೀಳಬೇಕು. ಪತ್ರದ ಮಾದರಿಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿದ್ಧಮಾಡಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಪಕ್ಕದಲ್ಲೇ ಸರದಿ ಪಟ್ಟಿಯ ಪುಸ್ತಕವಿದೆ. ಈ ಬೇಸಿಗೆಯಲ್ಲಿ ಊರಿನಿಂದ ಒಬ್ಬರೇ ಬರುವವರು ನಿಮ್ಮ ಮನೆಯಲ್ಲಿದ್ದರೆ ಊಟಕ್ಕೆ ಏಳುವ ಮೊದಲು ಅವರ ಹೆಸರು ಮತ್ತು ವಿಮಾನದ ದಿನಾಂಕವನ್ನು ಅದರಲ್ಲಿ ಬರೆಯಿರಿ. ಠರಾವಿನ ಮೇಲಿನ ಚರ್ಚೆಯನ್ನು ನಡೆಸಿಕೊಡಲು ಕಾರ್ಯದರ್ಶಿಗಳನ್ನು ಕೋರುತ್ತೇನೆ.