ಯುದ್ಧಕಾಲದ ಓದು

ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಮನಸ್ಸನ್ನು ಕಲಕುವ ಕಾವ್ಯವನ್ನು ಓದಬೇಕೆ, ಮುಚ್ಚಿಡಬೇಕೆ? ಈ ಪ್ರಶ್ನೆಯನ್ನು ನನಗೆ ಹಾಕಿದವನು ವಿದ್ವಾಂಸನಲ್ಲ, ಹೈಸ್ಕೂಲಿನ ಒಬ್ಬ ಹುಡುಗ.

೧೯೯೯ರ ಜೂನ್ ತಿಂಗಳು. ಕಾರ್ಗಿಲ್ಲಿನಲ್ಲಿ ಯುದ್ಧ ನಡೆದಿತ್ತು. ಆಗಿನ್ನೂ ಹೊಸದಾಗಿ ಕನ್ನಡ ಪಂಡಿತನಾಗಿದ್ದ ನಾನು ರನ್ನನ ಗದಾಯುದ್ಧದ ಪಾಠ ಹೇಳುತ್ತಿದ್ದೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ಹೋಗುವ ಸಂದರ್ಭ. ಪದಚ್ಛೇದ, ಅನ್ವಯ, ಅಲಂಕಾರ ಎಂದು ಉತ್ಸಾಹದಿಂದ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕ ಮುಚ್ಚಿ ತಲೆತಗ್ಗಿಸಿ ಕುಳಿತ. ಅವನ ಅಣ್ಣ ಸೈನ್ಯದಲ್ಲಿದ್ದ. ಮೂರು ವಾರಗಳಿಂದ ಕಾಗದವಿರಲಿಲ್ಲ.

“ಇದನ್ನು ಈಗಲೇ ಓದಬೇಕಾ, ಸಾರ್?” ಎಂದ.

“ಪರೀಕ್ಷೆಗೆ ಬರುತ್ತಪ್ಪಾ” ಎಂದುಬಿಟ್ಟೆ. ಆ ಉತ್ತರಕ್ಕಾಗಿ ಇಂದಿಗೂ ನಾಚುತ್ತೇನೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಸಂಜೆ ಅವನನ್ನು ಮನೆಗೆ ಕರೆದೆ. ಜಗಲಿಯ ಮೇಲೆ ಕುಳಿತು, ಅರ್ಥ ಬರೆಸದೆ, ಮೆಲ್ಲಗೆ ಓದಿದೆ. ಅಭಿಮನ್ಯುವಿನ ಶವದ ಮುಂದೆ ದುರ್ಯೋಧನನು ಕೈಮುಗಿಯುವ ಎಡೆ ಬಂದಿತು. “ಶತ್ರುವಿನ ಮಗನಿಗೇ?” ಎಂದ ಹುಡುಗ. ಹೌದೆಂದೆ. ಬಹಳ ಹೊತ್ತು ಅತ್ತ, ನಾನು ತಡೆಯಲಿಲ್ಲ. ಆಮೇಲೆ ತಾನೇ, “ಇನ್ನೊಂದು ಸಲ ಓದಿ, ಸಾರ್” ಎಂದ. ಅಣ್ಣನ ಕಾಗದ ಬರಲು ಇನ್ನೂ ಹತ್ತು ದಿನ ಹಿಡಿಯಿತು. ಆ ಹತ್ತು ಸಂಜೆಯೂ ಅವನು ಬಂದ.

ಅಂದು ನಾನು ಕಲಿತದ್ದಿಷ್ಟು. ಯುದ್ಧಕಾಲದ ಸುದ್ದಿ ನಮಗೆ ಸತ್ತವರ ಸಂಖ್ಯೆಯನ್ನು ಕೊಡುತ್ತದೆ. ಕಾವ್ಯ ಸತ್ತವನ ಮುಖವನ್ನು ತೋರಿಸುತ್ತದೆ. ಸಂಖ್ಯೆಯಿಂದ ಭಯ ಬೆಳೆಯುತ್ತದೆ, ಮುಖ ಕಂಡಾಗ ಕರುಣೆ ಹುಟ್ಟುತ್ತದೆ. ಭಯವನ್ನು ಒಬ್ಬನೇ ನುಂಗಬೇಕು; ಕರುಣೆಯನ್ನಾದರೋ ಹಂಚಿಕೊಳ್ಳಬಹುದು.

ಆದ್ದರಿಂದ ಇಂಥ ಪುಸ್ತಕವನ್ನು ನಡುರಾತ್ರಿಯಲ್ಲಿ ಒಬ್ಬರೇ ಓದಬೇಡಿ. ಹಗಲು ಓದಿ, ಗಟ್ಟಿಯಾಗಿ ಓದಿ, ಕೇಳುವವರೊಬ್ಬರು ಪಕ್ಕದಲ್ಲಿರಲಿ. ನಮ್ಮ ಹಿರಿಯರು ಭಾರತವನ್ನು ಮನೆಯ ಜಗಲಿಯಲ್ಲಿ, ದೇವಸ್ಥಾನದ ಪ್ರಾಂಗಣದಲ್ಲಿ ನಾಲ್ಕು ಜನರ ನಡುವೆ ಓದಿಸಿ ಕೇಳುತ್ತಿದ್ದುದು ಸುಮ್ಮನೆ ಅಲ್ಲ. ಸಾಕೆನಿಸಿದಾಗ ಗುರುತಿಗೊಂದು ದಾರವಿಟ್ಟು ಮುಚ್ಚಿ, ಅದು ಹೇಡಿತನವಲ್ಲ. ಆದರೆ ಮರಳಿ ತೆರೆಯಿರಿ. ಇನ್ನು, ಸಾವು ಮನೆಯೊಳಗೇ ಬಂದವರ ಕೈಗೆ ಪುಸ್ತಕ ಕೊಡಲು ಹೋಗಬೇಡಿ. ಪಕ್ಕದಲ್ಲಿ ಸುಮ್ಮನೆ ಕುಳಿತರೆ ಸಾಕು.

ಮರಳಿ ತೆರೆಯಿರಿ ಎಂದೆನಲ್ಲ, ಅದಕ್ಕೆ ಕಾರಣವುಂಟು. ವ್ಯಾಸಭಾರತದ ಹತ್ತನೆಯದಾದ ಸೌಪ್ತಿಕಪರ್ವದಲ್ಲಿ ಮಲಗಿದವರ ಕೊಲೆಯಾಗುತ್ತದೆ. ಹನ್ನೊಂದನೆಯ ಸ್ತ್ರೀಪರ್ವದಲ್ಲಿ ತಾಯಂದಿರ ಗೋಳು. ಇವೆರಡನ್ನೂ ದಾಟಿದ ಮೇಲೆಯೇ ಹನ್ನೆರಡನೆಯ ಶಾಂತಿಪರ್ವ. ಇಷ್ಟೊಂದು ನೆತ್ತರು ಹರಿದ ಆ ಗ್ರಂಥದ ಪ್ರಧಾನ ರಸ ವೀರವಲ್ಲ, ಶಾಂತ ಎಂದು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ನಿರ್ಣಯಿಸಿದ್ದಾನೆ.

ಹತ್ತನೆಯ ಪರ್ವದಲ್ಲೇ ಪುಸ್ತಕ ಮುಚ್ಚಿಟ್ಟವನಿಗೆ ಕೊಲೆಯೊಂದೇ ನೆನಪಿನಲ್ಲಿ ಉಳಿಯುತ್ತದೆ. ನಿಧಾನವಾಗಿಯಾದರೂ ಸರಿ, ಜೊತೆಗೊಬ್ಬರನ್ನು ಕರೆದುಕೊಂಡು, ಹನ್ನೆರಡನೆಯದರವರೆಗೆ ನಡೆಯೋಣ.